ಆನೆಯ ಕಣ್ಣೊಳಗೆ ನಾವಿಬ್ಬರು

ಪ್ರಶ್ನೆಯೊಂದು ತಲೆಗೆ ಹೊಕ್ಕರೆ ಸಾಕು, ನನ್ನ ಗೆಳತಿ ನಡುದಾರಿಯಲ್ಲೇ ಒಂಟಿಕಾಲಲ್ಲಿ ನಿಂತುಬಿಡುತ್ತಿದ್ದಳು. ಇನ್ನೊಂದು ಪಾದದಿಂದ ಮೀನಖಂಡ ಕೆರೆದುಕೊಳ್ಳುತ್ತ, ಹುಬ್ಬು ಗಂಟಿಕ್ಕಿ, ಕದಲುತ್ತಲೇ ಇರಲಿಲ್ಲ. ನಾನು ಮುಂಗೋಪಿ. "ಬಾರೇ ಕೊಕ್ಕರೆ, ಹೊತ್ತಾಯ್ತು" ಎಂದು ಜಡೆ ಹಿಡಿದು ಎಳೆದೊಯ್ಯುತ್ತಿದ್ದೆ.

ಕಬ್ಬಾಳಿನ ಆಚೆಯ ನಮ್ಮೂರಿನಿಂದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿಯರು ನಾವಿಬ್ಬರೇ. ನನಗೆ ಓದು ಎಂದರೆ ಉರು ಹೊಡೆಯುವುದು. ಗಿಳಿಯಂತೆ ಒಪ್ಪಿಸಿದ ಕೂಡಲೇ ಅವಳು "ಹಂಗಂದ್ರೇನೇ?" ಎನ್ನುತ್ತಿದ್ದಳು. ಮೈಯೆಲ್ಲ ಉರಿಯುತ್ತಿತ್ತು, ಏಕೆಂದರೆ ನನಗೆ ಗೊತ್ತಿರುತ್ತಿರಲಿಲ್ಲ.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನ ಕೈಕೊಟ್ಟಿತು. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದ ಅಪ್ಪ ಮುಖ ಎತ್ತದೆ ಹೇಳಿದರು: "ದೊಡ್ಡ ಪರೀಕ್ಷೆಲೂ ಫೇಲಾದ್ರೆ ಓದು ಬುಟ್ಬುಡವ್ವ. ಹುಳ ಮೇಯ್ಸಕ್ಕೆ ಕೈ ಸಾಲ್ತಿಲ್ಲ." ಅಪ್ಪ ಒರಟರಲ್ಲ, ಆಡಿದ ಮಾತು ತಪ್ಪುವವರೂ ಅಲ್ಲ. ನನಗೆ ಅನ್ನ ಸೇರದಾಯಿತು.

ದೊಡ್ಡ ಪರೀಕ್ಷೆಯಲ್ಲಿ ವಿಜ್ಞಾನವಿದ್ದ ದಿನ ಬೆಳಗ್ಗೆ ಬಸ್ಸಿಗೆಂದು ತೋಟದ ಬದುವಿನ ಮೇಲೆ ಹೊರಟಿದ್ದೆವು. ಮುಂದಿನ ಬಾಳೆಯ ಸಾಲಿನಲ್ಲಿ ಗಿಡ ಮುರಿದ ಸದ್ದು. ನೋಡಿದರೆ ಆನೆ, ಪಕ್ಕದಲ್ಲಿ ಮರಿ! ಮರಿಯಾನೆ ಜೊತೆಗಿದ್ದರೆ ನಮ್ಮ ಕಡೆ ಗಂಡಸರೂ ಹತ್ತಿರ ಸುಳಿಯುವುದಿಲ್ಲ. ಇಬ್ಬರೂ ಪಂಪ್‌ಸೆಟ್ ಮನೆಯ ತಾರಸಿ ಹತ್ತಿ ಕುಕ್ಕರಿಸಿದೆವು.

ಅಷ್ಟರಲ್ಲಿ ರಸ್ತೆಯ ಮೇಲೆ ನಮ್ಮ ಬಸ್ಸು ಹಾರ್ನ್ ಹಾಕುತ್ತ ಹೊರಟುಹೋಯಿತು. ನನ್ನ ಓದೂ ಅದರ ಜೊತೆಗೇ ಹೋಯಿತೆಂದು ನಾನು ಅಳುತ್ತ ಕೆಳಗಿಳಿಯಲು ಹೊರಟೆ. ಅವಳು ರಟ್ಟೆ ಬಿಗಿಯಾಗಿ ಹಿಡಿದಳು.

"ಸುಮ್ಕಿರೇ, ಅಳಬ್ಯಾಡ. ಆನೆಗೆ ನಾವು ಹೆಂಗೆ ಕಾಣ್ತೀವಿ, ಹೇಳು," ಎಂದು ಪಿಸುಗುಟ್ಟಿದಳು.

ನಾನು ಕಣ್ಣಿನ ಪಾಠದ ಮೊದಲ ಸಾಲು ಒಪ್ಪಿಸತೊಡಗಿದೆ.

"ಪುಸ್ತಕದ್ದು ಬ್ಯಾಡ. ಈ ಆನೆದು ಹೇಳು."

"ನಮ್ ಮ್ಯಾಲೆ ಬಿದ್ದ ಬೆಳಕು ಅದ್ರ ಕಣ್ಣೊಳಕ್ಕೆ ಹೋಯ್ತದೆ. ಅಲ್ಲಿ ಮಸೂರ ಐತಲ್ಲ, ಅದು ಬೆಳಕ ಬಗ್ಗಿಸ್ತದೆ. ಹಿಂದ್ಗಡೆ ಪರದೆ ಮ್ಯಾಲೆ ನಾವು ತಲೆಕೆಳಗಾಗಿ ಮೂಡ್ತೀವಿ."

"ಅಯ್ಯೋ, ಅದ್ರ ಕಣ್ಣಲ್ಲಿ ನಾವೀಗ ಬಾವಲಿಗಳಾ! ಮತ್ತೆ ನೆಟ್ಟಗೆ ಕಾಣೋದ್ ಹೆಂಗೆ?"

"ಮಿದುಳು ಸರಿ ಮಾಡ್ಕತದೆ ಕಣೇ!" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯ. ಅದು ಉರು ಹೊಡೆದ ಮಾತಾಗಿರಲಿಲ್ಲ. ಕೆಳಗೆ ಆನೆ ಬಾಳೆಯ ದಿಂಡು ಸಿಗಿಯುತ್ತಿತ್ತು, ಆದರೂ ನನಗೆ ಸಂತೋಷವಾಯಿತು. ಅರ್ಥವಾಗುವುದು ಅಂದರೆ ಇಷ್ಟು ರುಚಿ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ಅರಣ್ಯ ಇಲಾಖೆಯವರು ಬಂದು ಪಟಾಕಿ ಸಿಡಿಸಿದ ಮೇಲೆ ಆನೆಗಳು ಬೆಟ್ಟದ ಕಡೆ ಸರಿದವು. ಅವಳು ಹಾಲಿನ ಗಾಡಿಗೆ ಅಡ್ಡ ನಿಂತು ನಿಲ್ಲಿಸಿದಳು. ಶಾಲೆಯ ಗೇಟು ಮುಚ್ಚುವ ಹೊತ್ತಿಗೆ ಒಳಗೆ ನುಗ್ಗಿದೆವು. ಕಣ್ಣಿನ ಪ್ರಶ್ನೆ ಬರಲೇ ಇಲ್ಲ ಬಿಡಿ. ಬಂದ ಪ್ರಶ್ನೆಗಳನ್ನು ಮೊದಲು ಅರ್ಥಮಾಡಿಕೊಂಡು ಬರೆದೆ.

ಪಾಸಾದೆ. ಕಾಲೇಜಿನ ಮಾತನ್ನು ಅಪ್ಪನೇ ಎತ್ತಿದರು. ಊರವರೆಲ್ಲ ಅಂಕ ಕೇಳಿದರೆ ಅವಳು ಕೇಳಿದ್ದು ಒಂದೇ: "ಯಾವ ಪ್ರಶ್ನೆ ಬರೆಯಕ್ಕೆ ಖುಷಿ ಆಯ್ತೇ?"

ಪಿಯುಸಿ ಮುಗಿಯುತ್ತಲೇ ಅವಳಿಗೆ ಮದುವೆ ಮಾಡಿ ಸೋಲೂರಿನ ಕಡೆ ಕಳಿಸಿದರು. ನನಗೆ ಓದಿನ ಹುಚ್ಚು ಹಿಡಿಸಿದವಳು ಈಗ ಹಸು ನೋಡಿಕೊಳ್ಳುತ್ತಾಳೆ, ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ಇದು ನ್ಯಾಯವಲ್ಲ. ನೆನೆದಾಗಲೆಲ್ಲ ಸಿಟ್ಟು ಬರುತ್ತದೆ. ತರಗತಿ ಬಿಟ್ಟ ಕೂಡಲೇ ಫೋನ್ ಮಾಡಿ ಅಂದಿನ ಪಾಠ ಹೇಳುತ್ತೇನೆ. "ಹೇಳು, ಕೇಳ್ತಾ ಇವ್ನಿ," ಎಂದು ಅವಳು ಹಾಲು ಕರೆಯುತ್ತಲೇ ಕೇಳುತ್ತಾಳೆ. ಅವಳಿಗೆ ಅರ್ಥವಾಗುವವರೆಗೆ ನಾನು ಪಾಸಾದೆ ಅನ್ನಿಸುವುದಿಲ್ಲ.