ಫಕೀರಪ್ಪನ ಗಾಡಿ ನೋಡಿದ ಬೆಳಗು

ಕರ್ನಾಟಕ ಒಂದಾದ ವರ್ಷದ ಮಾತು. ಹೆಮ್ಮೆಯಿಂದ ಹೇಳುವಂಥದ್ದಲ್ಲ. ನಾಡು ಒಂದಾದ ಖುಷಿಗೆ ಗದಗಿನ ಸಾಹುಕಾರರೊಬ್ಬರು ಲಕ್ಷ್ಮೇಶ್ವರದವರೆಗೆ ಹಳೇ ಮೋಟಾರುಗಳ ಓಟ ಇಟ್ಟಿದ್ದರು. ಗೆದ್ದ ಡ್ರೈವರನಿಗೆ ಅವರ ಹೊಸ ಲಾರಿಯ ಕಾಯಂ ನೌಕರಿ. ನಾನು ಹಿರೇಹಂದಿಗೋಳದ ಬದಲಿ ಡ್ರೈವರ್, ಕರೆದ ದಿನ ಮಾತ್ರ ಕೆಲಸ. ಆ ಲಾರಿ ನನಗೆ ಬೇಕೇ ಬೇಕಿತ್ತು.

ಓಟಕ್ಕೆ ಬಂದ ಕಾರುಗಳೆಲ್ಲ ನಮ್ಮಪ್ಪನ ಕಾಲದವು, ಮಾಲೀಕರಿಂದ ಒಂದು ದಿನಕ್ಕೆ ಕೇಳಿ ತಂದವು. ಬೆಳಿಗ್ಗೆ ಬೇವಿನ ಮರದ ಕೆಳಗೆ ಆರು ಮಂದಿ ಡ್ರೈವರರು ಚಹಾ ಹಿಡಿದು ಕುಳಿತಿದ್ದೆವು.

ನಮ್ಮಲ್ಲೊಂದು ರೂಢಿಯಿತ್ತು. ಹೊರಡುವ ಮುಂಚೆ ಗಾಡಿಯನ್ನು ಇನ್ನೊಬ್ಬ ಡ್ರೈವರನಿಗೆ ತೋರಿಸಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ತಾನೇ? ಶಿರಹಟ್ಟಿಯ ಫಕೀರಪ್ಪ ನನ್ನ ಗೆಳೆಯ, ನನಗೆ ಗಾಡಿ ಕಲಿಸಿದವನೂ ಅವನೇ. ನನ್ನ ಕಾರಿನ ಕೆಳಗೆ ತೂರಿ, ಸಡಿಲಾಗಿದ್ದ ಬ್ರೇಕಿನ ನಟ್ಟೊಂದನ್ನು ಬಿಗಿ ಮಾಡಿ ಎದ್ದ.

"ಈಗ ನಂದು ನೋಡಲೇ ಬಸ್ಯಾ."

ಬಾನೆಟ್ ಎತ್ತಿದೆ. ರೇಡಿಯೇಟರಿನ ರಬ್ಬರ್ ಪೈಪು ಕೆಳಗಡೆ ಸೀಳಿತ್ತು, ನೀರು ಒಸರುತ್ತಿತ್ತು. ಬಟ್ಟೆ ಬಿಗಿಯಾಗಿ ಸುತ್ತಿದ್ದರೆ ಸಾಕಿತ್ತು, ಐದು ನಿಮಿಷದ ಕೆಲಸ. ನಡುದಾರಿಯಲ್ಲಿ ನೀರು ಕುದ್ದು ಗಾಡಿ ನಿಂತರೆ ನಿಲ್ಲಲಿ, ಅಷ್ಟರಲ್ಲಿ ನಾನು ಮುಂದೆ ಹೋಗಿರುತ್ತೇನೆ ಎಂದುಕೊಂಡೆ. ಬಾನೆಟ್ ಮುಚ್ಚಿದೆ.

"ಬರೋಬ್ಬರಿ ಐತಿ," ಅಂದೆ.

"ನೀ ನೋಡಿದಿ ಅಂದ್ರ ಮುಗೀತ್ ಬಿಡು."

ಮುಳಗುಂದ ದಾಟಿದ ಮೇಲೆ ಅವನ ಗಾಡಿ ನಿಂತಿತು. ನಾನು ಪಕ್ಕದಲ್ಲೇ ಹಾದು ಹೋದೆ, ಗೆದ್ದೆ. ನನ್ನನ್ನು ಹಿಡಿಯುವ ಆತುರದಲ್ಲಿ ಅವನು ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದನಂತೆ. ಕುದಿನೀರು ಮುಖಕ್ಕೆ ಚಿಮ್ಮಿ ಎರಡೂ ಕಣ್ಣು ಹೋದವು.

ಆಸ್ಪತ್ರೆಗೆ ಹೋದೆ. ಎಲ್ಲ ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಅವನ ಹೆಂಡತಿ, "ಹೊರಡೂ ಮುಂದ ಗಾಡಿ ಯಾರೂ ನೋಡಿರಲಿಲ್ಲೇನ್ರಿ?" ಎಂದು ಅತ್ತಳು.

"ಬಸ್ಯಾ ನೋಡಿದ್ದ. ಅವಂದೇನು ತಪ್ಪಿಲ್ಲ, ನನ್ನ ಹಣೇಬಾರ," ಎಂದ ಫಕೀರಪ್ಪ.

ನಾನು ಬಾಯಿ ಮುಚ್ಚಿಕೊಂಡೆ. ಮೈಯಲ್ಲಿ ಕಸುವಿರುವವರೆಗೂ ಅದೇ ಲಾರಿ ಓಡಿಸಿ ಸಂಸಾರ ಸಾಕಿದೆ. ಛೀ, ಎಂಥ ಅನ್ನ ಉಂಡೆ!

ಅವನ ಮಗ ಬೆಳೆದು ಟ್ಯಾಕ್ಸಿ ಕೊಂಡಾಗ, ಫಕೀರಪ್ಪ ಮಗನ ಭುಜ ಹಿಡಿದುಕೊಂಡು ನನ್ನ ಮನೆಗೇ ಬಂದ. "ಒಮ್ಮೆ ನೋಡಿ ಹೇಳಲೇ ಬಸ್ಯಾ. ನೀ ಹೇಳಿದ್ರ ನನಗ ಸಮಾಧಾನ."

ಒಂದೊಂದು ಪೈಪನ್ನೂ ಮುಟ್ಟಿ ಮುಟ್ಟಿ ನೋಡಿದೆ. ಎಲ್ಲ ಸರಿಯಾಗಿತ್ತು. ಅವನು ಕಿವಿಗೊಟ್ಟು ನಿಂತೇ ಇದ್ದ. 'ಬರೋಬ್ಬರಿ ಐತಿ' ಎಂಬ ಮಾತು ಮಾತ್ರ ನನ್ನ ಬಾಯಿಂದ ಹೊರಡಲೇ ಇಲ್ಲ.