ಹಳೇ ಬಸ್ಸಿಗೇ ಜನ ಹತ್ತಿಸಿದ್ದು

ನನಗೇ ತಿಳಿಯದ ಪಾಠವನ್ನು ಸಿಂಧನೂರಿನಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ಹೇಳಿಕೊಟ್ಟೆ. ಅದೂ ನನ್ನ ದನಿಯಲ್ಲಲ್ಲ, ನಮ್ಮ ಸರ್ ದನಿಯಲ್ಲಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸರ್ ಅವರಿಗೆ ಲಿಂಗಸುಗೂರು, ಸಿಂಧನೂರು ಎರಡೂ ಕಡೆ ಕಂಪ್ಯೂಟರ್ ಕೇಂದ್ರಗಳಿದ್ದವು. ಅವರು ಕೂರುತ್ತಿದ್ದದ್ದು ಲಿಂಗಸುಗೂರಿನಲ್ಲಿ. ನನ್ನ ಮನೆ ನಡುವೆ, ಮಸ್ಕಿಯಲ್ಲಿ. ಬೆಳಿಗ್ಗೆ ಲಿಂಗಸುಗೂರಿಗೆ ಹೋಗಿ ಟೈಪಿಂಗ್ ಕಲಿಸುವುದು, ಮನೆಯ ಮುಂದೆಯೇ ಹಾದು ಮಧ್ಯಾಹ್ನ ಸಿಂಧನೂರಿಗೆ ಹೋಗಿ ಮತ್ತೆ ಕಲಿಸುವುದು. ಬಸ್ಸಿನಲ್ಲಿ ಸೀಟು ಸಿಕ್ಕರೆ ಕುಳಿತು ನಿದ್ದೆ, ಸಿಗದಿದ್ದರೆ ಕಂಬಿ ಹಿಡಿದು ನಿದ್ದೆ.

ಎಚ್ಚರವಿದ್ದಾಗ ಮಂದಿಯ ದನಿ ತೆಗೆದು ಅಣಕಿಸುತ್ತಿದ್ದೆ. ಕಂಡಕ್ಟರನ ಗದರಿಕೆ, ನಮ್ಮಜ್ಜಿಯ ಕೆಮ್ಮು, ಮೂಗಿನಲ್ಲಿ ಮಾತಾಡುವ ನನ್ನದೇ ದನಿ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಸರ್ ಅವರದು. ಅವರು ಮಾತಿನ ನಡುವೆ ಚಷ್ಮಾ ತೆಗೆದು, ಒರೆಸಿ, ಮತ್ತೆ ಏರಿಸಿಕೊಂಡು ‘ಅಂದ್ರ...’ ಎನ್ನುತ್ತಿದ್ದರು. ನನಗೆ ಚಷ್ಮಾ ಇರಲಿಲ್ಲ, ಗಾಳಿಯನ್ನೇ ಒರೆಸುತ್ತಿದ್ದೆ.

ಸರ್ ಹೈದರಾಬಾದಿಗೆ ಹೋಗಿ ಒಂದು ಫ್ಲಾಪಿ, ಒಂದು ಜೆರಾಕ್ಸ್ ಪುಸ್ತಕ ತಂದಿದ್ದರು. ಅದರಲ್ಲಿದ್ದ ಕಂಪ್ಯೂಟರ್ ಭಾಷೆಯಲ್ಲಿ ಎಲ್ಲವೂ ಫಂಕ್ಷನ್, ಅಂದರೆ ಒಂದನ್ನು ಕೊಟ್ಟರೆ ಇನ್ನೊಂದನ್ನು ತಿರುಗಿ ಕೊಡುವ ಸೂತ್ರ. ಒಮ್ಮೆ ಒಂದು ಹೆಸರಿಗೆ ಕೊಟ್ಟ ಬೆಲೆಯನ್ನು ಬದಲಿಸುವ ರೂಢಿ ಇಲ್ಲ. ಅದರಲ್ಲೇ ಆಬ್ಜೆಕ್ಟು, ಕ್ಲಾಸು ಮಾಡುವುದನ್ನು ಚಹಾ ಕುಡಿಯುತ್ತ ನನಗೆ ಹೇಳಿದರು. ಅದನ್ನು ಗುಟುಕಿನ ಸದ್ದಿನ ಸಮೇತ ಸಿಂಧನೂರಿನ ನಾಲ್ಕಾರು ಮಂದಿಗೆ ಒಪ್ಪಿಸಿದೆ. ಅವರು ತಲೆಯಾಡಿಸಿದರು. ನಾನೂ ಆಡಿಸಿದೆ. ಗೊರೇಬಾಳದಿಂದ ಸೈಕಲ್ ತುಳಿದು ಬರುತ್ತಿದ್ದ ಶಾಲಾ ಮಾಸ್ತರರೊಬ್ಬರು ಮಾತ್ರ ದಿನಾ ಅದೇ ಮಾತು ಕೇಳುತ್ತಿದ್ದರು: ಎಲ್ಲ ಸರಿ, ಇದು ಏನು?

ಶನಿವಾರ ತಾವೇ ಬಂದು ನೋಡುವುದಾಗಿ ಸರ್ ಹೇಳಿದರು. ಯಾರಿಗೂ ತಿಳಿದಿಲ್ಲವಾದರೆ ಆ ಬ್ಯಾಚು ಬಂದ್; ನನಗೆ ಎರಡೂ ಊರಿನಲ್ಲಿ ಬರೀ ಟೈಪಿಂಗ್. ಕೀಲಿಗಳ ಟಕಟಕ ಆಗಲೇ ಕನಸಿನಲ್ಲೂ ಕೇಳುತ್ತಿತ್ತು. ದಿನದಲ್ಲಿ ನಾನು ಪೂರಾ ಎಚ್ಚರವಿರುತ್ತಿದ್ದದ್ದು ಆ ಬ್ಯಾಚಿನ ಒಂದು ತಾಸು ಮಾತ್ರ.

ಶನಿವಾರ ಸರ್ ಬಂದು ಹಿಂದಿನ ಬೆಂಚಿನಲ್ಲಿ ಕೂತು ಚಷ್ಮಾ ಒರೆಸಿಕೊಂಡರು. ನನ್ನ ಕೈಯೂ ಮೂಗಿನ ತನಕ ಹೋಗಿತ್ತು, ತಡೆದುಕೊಂಡೆ. ಅವರ ಮುಂದೆ ಅವರ ದನಿ ತೆಗೆಯುವುದು ಹೇಗೆ? ಬೇರೆ ದನಿಯಲ್ಲಿ ಆ ಪಾಠ ನನಗೆ ಬರುತ್ತಲೇ ಇರಲಿಲ್ಲ.

ದಣಿದ ತಲೆಗೆ ಹೊಳೆದದ್ದು ಬಸ್ಸೊಂದೇ. ಬೋರ್ಡಿನ ಮೇಲೆ ಬಸ್ಸು ಮಾಡುವ ಫಂಕ್ಷನ್ ಬರೆದೆ. ಕ್ಲಾಸೆಂದರೆ ಇದೇ, ಬಸ್ಸಲ್ಲ, ಬಸ್ಸು ಕಟ್ಟುವ ರೀತಿ ಅಂದೆ. ಎಷ್ಟು ಜನ ಇದ್ದಾರೆಂದು ಹೇಳಿದರೆ ಅದು ಇನ್ನೊಂದು ಫಂಕ್ಷನ್ ಕಟ್ಟಿ ಕೊಡುತ್ತದೆ, ಅದೇ ಆಬ್ಜೆಕ್ಟು. ಒಳಗಿನ ಲೆಕ್ಕ ಹೊರಗೆ ಕಾಣುವುದಿಲ್ಲ. ‘ಎಷ್ಟು ಮಂದಿ’ ಎಂದು ಕೇಳಿದರೆ ಹೇಳುತ್ತದೆ, ‘ಹತ್ತಿಸು’ ಎಂದರೆ ಒಬ್ಬರನ್ನು ಹತ್ತಿಸಿಕೊಳ್ಳುತ್ತದೆ. ಕಂಡಕ್ಟರನನ್ನು ಕೇಳಿದ ಹಾಗೆ.

ಅದನ್ನೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಖಾಲಿ ಬಸ್ಸು ಕಟ್ಟಿದೆ. ಹತ್ತಿಸು ಅಂದೆ. ಎಷ್ಟು ಮಂದಿ? ಪರದೆಯ ಮೇಲೆ ಸೊನ್ನೆ. ಮತ್ತೆ ಹತ್ತಿಸಿದೆ, ಮತ್ತೆ ಸೊನ್ನೆ. ಮಸ್ಕಿಯ ಸಂತೆಯನ್ನೇ ಹತ್ತಿಸಿದರೂ ಸೊನ್ನೆಯೇ ಬರುತ್ತಿತ್ತೇನೋ. ಬ್ಯಾಚಿನ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡರು.

ಮಾಸ್ತರರು ಎದ್ದು ಹತ್ತಿರ ಬಂದು, ಹತ್ತಿಸು ಅಂದಾಗ ಅದು ತಿರುಗಿ ಏನು ಕೊಡುತ್ತದೆ ಎಂದು ಕೇಳಿದರು. ಬದಲಿಸು ಅಂದರೆ ಹೊಸ ಆಬ್ಜೆಕ್ಟು ಕೊಡುತ್ತದೆ ಎಂದು ಸರ್ ದನಿಯಲ್ಲಿ ನೂರು ಸಲ ಹೇಳಿದ್ದೆ. ಈಗ ನನ್ನ ಮೂಗಿನ ದನಿಯಲ್ಲಿ, ಒಬ್ಬರು ಹೆಚ್ಚಿರುವ ಹೊಸ ಬಸ್ಸು ಕೊಡುತ್ತದೆ ಎಂದು ಹೇಳುತ್ತಿರುವಾಗಲೇ ಅದರ ಅರ್ಥ ನನಗೆ ಕೇಳಿಸಿತು. ಹಳೆಯದು ಬದಲಾಗುವುದೇ ಇಲ್ಲ. ಖಾಲಿ ನಿಂತೇ ಇರುತ್ತದೆ. ನಾನು ಪ್ರತಿಸಲ ಹೊಸ ಬಸ್ಸನ್ನು ಹಾಗೇ ಬಿಟ್ಟು ಹಳೆಯದನ್ನೇ ವಿಚಾರಿಸುತ್ತಿದ್ದೆ. ಹೊಸದಕ್ಕೊಂದು ಹೆಸರಿಟ್ಟು ಕೇಳಿದೆ. ಒಂದು ಎಂದು ಬಂತು.

"ಹಾಂ, ಈಗ ತಿಳೀತ್ರಿ," ಎಂದರು ಮಾಸ್ತರರು. "ಇಷ್ಟ್ ದಿನ ನೀವು ಗಾಳಿ ಯಾಕ ಒರಸತಿದ್ರಿ, ಅದೊಂದು ತಿಳೀವಲ್ದು ನೋಡ್ರಿ."

ಹುಡುಗಿಯರು ಸೆರಗನ್ನೂ ಬಿಟ್ಟು ನಕ್ಕರು. ಸರ್ ನಗಲಿಲ್ಲ. ಎಲ್ಲರೂ ಹೋಗುವ ತನಕ ಕಿಟಕಿಯಾಚೆಯ ಬತ್ತದ ಲಾರಿಗಳನ್ನು ನೋಡುತ್ತ ಕೂತಿದ್ದರು. ಬ್ಯಾಚು ಬಂದ್ ಮಾಡುವುದೇ ಎಂದು ನಾನೇ ಕೇಳಿದೆ. ಕೇಳಲೂ ಬೇಸರವಾಗಿತ್ತು; ಬೇಗ ಹೇಳಿಬಿಟ್ಟರೆ ಬಸ್ಸಿನಲ್ಲಿ ಮಲಗಬಹುದಿತ್ತು. ತಿಂಗಳಿಡೀ ಪಾಠ ಹೇಳಿದ್ದು ನಾನಲ್ಲ, ನಿಮ್ಮ ದನಿ ಎಂದೂ ಹೇಳಿಬಿಟ್ಟೆ.

ಸರ್ ಚಷ್ಮಾ ತೆಗೆದರು. ಒರೆಸಲಿಲ್ಲ, ಜೇಬಿಗೆ ಹಾಕಿದರು.

"ಅಲ್ಲಲೇ, ನನ್ನ ದನಿಗೂ ಆ ಪಾಠ ಇವತ್ತಾ ತಿಳಿದದ್ದು. ಸೋಮವಾರ ಲಿಂಗಸುಗೂರಾಗ ನನಗ ಇನ್ನೊಮ್ಮೆ ಹೇಳು, ನಿನ್ನ ಮೂಗಿನಾಗ."