ನಂಜುಂಡಪ್ಪನವರ ದನಿಯಲ್ಲಿ ಬಂದ ಮಾತು

ಇಂಥ ನಂಬಲಾಗದ ಕಥೆ ಹೇಳುವವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಗೂಳೂರಿನ ನಮ್ಮ ದೊಡ್ಡಮ್ಮ, ಬಾವಿ ಹತ್ತಿರ ಯಾರೋ ಕರೆದರು ಎಂದಾಗ, ಅವರದೇ ದನಿಯಲ್ಲಿ ಮನೆಮಂದಿಗೆಲ್ಲ ಆ ಕಥೆ ಹೇಳಿ ಅವರನ್ನು ಅಳಿಸಿದ್ದೇನೆ. ಈಗ ನನ್ನ ಸರದಿ. ನಗುವವರು ನಗಬಹುದು, ನಾನಾಗಿದ್ದರೂ ನಗುತ್ತಿದ್ದೆ.

ನಾನು ತುಮಕೂರಿನಲ್ಲಿ ಮದುವೆ ಫೋಟೋ ತೆಗೆಯುವವನು. ಫೋಟೋ ಕೆಲಸ ಅಷ್ಟಕ್ಕಷ್ಟೆ, ಬದುಕಿರುವುದು ಮಿಮಿಕ್ರಿಯಿಂದ. ಮುಖ ಬಿಗಿದು ನಿಂತ ಮದುಮಗಳ ಎದುರು ಅವಳ ಅತ್ತೆಯ ಥರ ಒಂದು ಮಾತಾಡಿದರೆ ನಗುತ್ತಾಳೆ, ಕ್ಲಿಕ್ ಮಾಡುತ್ತೇನೆ. ಅಭ್ಯಾಸ ಎಷ್ಟು ಕೆಟ್ಟಿದೆಯೆಂದರೆ, ಯಾರದಾದರೂ ದನಿ ತೆಗೆಯದೆ ನನಗೆ ಬಟನ್ ಒತ್ತಲು ಬರುವುದಿಲ್ಲ.

ಎರಡನೇ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತವು. ಪತ್ರಿಕೆಯ ಪರಿಚಯದವರೊಬ್ಬರು ಪಾಸ್ ಕೊಡಿಸಿ, ಖಾಲಿ ಊರಿನ ಫೋಟೋ ತೆಗೆದುಕೊಂಡು ಬಾ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ‘ಗುಬ್ಬಿ ಗುಬ್ಬಿ ಗುಬ್ಬಿ, ಕುಣಿಗಲ್ ಕುಣಿಗಲ್’ ಎಂದು ಕಂಡಕ್ಟರನ ಹಾಗೆ ಕೂಗಿ ಕ್ಲಿಕ್ ಮಾಡಿದೆ. ಒಂದು ನಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಆಮೇಲೆ ಮುಚ್ಚಿದ ಅಂಗಡಿಗಳ ಮುಂದೆ ಆಯಾ ಮಾಲೀಕರ ದನಿ ತೆಗೆಯುತ್ತಾ ಬಂದೆ.

ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಗುಬ್ಬಿ ಗೇಟಿನ ಹತ್ತಿರ ನಂಜುಂಡಪ್ಪನವರ ಟೀ ಅಂಗಡಿಗೆ ಬಂದೆ. ಕೆಳಗೆ ಅಂಗಡಿ, ಮೇಲೆ ಮನೆ. ಶಟರಿಗೆ ಕ್ಯಾಮೆರಾ ಹಿಡಿದು ಅವರ ಗೊಗ್ಗರು ದನಿ ತೆಗೆದೆ: “ಏನ್ಲಾ, ಅರ್ಧ ಟೀಗೆ ಅರ್ಧ ದಿನ ಕೂರ್ತೀಯಾ?” ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬಂತು: “ಚೀಟಿ ರೇಡಿಯೋ ಹಿಂದೆ ಐತೆ ಕಣೇ, ಬ್ಯಾಟರಿ ಹಾಕೋ ಜಾಗ್ದಲ್ಲಿ.” ಅದು ನಾನು ಯೋಚಿಸಿ ಆಡಿದ ಮಾತಲ್ಲ.

ಮೇಲಿನ ಕಿಟಕಿ ತೆರೆಯಿತು. ಅವರ ಹೆಂಡತಿ.

“ತಪ್ಪಾಯ್ತಮ್ಮಾ, ಸುಮ್ನೆ ತಮಾಷೆಗೆ...”

“ಆಮೇಲ್ ಬೈತೀನಿ. ಚೀಟಿ ಎಲ್ಲೈತೆ ಅಂದೆ?”

“ಯಾವ ಚೀಟಿ?”

ಆಕೆ ಅಳುತ್ತಲೇ ಹೇಳಿದರು. ನಂಜುಂಡಪ್ಪನವರನ್ನು ಎರಡು ದಿನದ ಹಿಂದೆ ಆಂಬುಲೆನ್ಸಿನಲ್ಲಿ ಒಯ್ದಿದ್ದಾರೆ. ಅವರಿಗೆ ಒಂದು ಇಂಜೆಕ್ಷನ್ ಆಗಿಬರುವುದಿಲ್ಲ. ಅದರ ಹೆಸರನ್ನು ಹಳೆಯ ಡಾಕ್ಟರು ಫೋನಿನಲ್ಲಿ ಹೇಳಿ ಅವರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿದ್ದರು. ಈಗ ಆ ಡಾಕ್ಟರೂ ಸಿಗುತ್ತಿಲ್ಲ, ಚೀಟಿಯೂ ಸಿಗುತ್ತಿಲ್ಲ. ಆಸ್ಪತ್ರೆಯವರು, ಇನ್ನು ಕಾಯುವುದಕ್ಕಾಗುವುದಿಲ್ಲ, ಹೆಸರು ಹೇಳಿ ಎಂದು ಬೆಳಗಿನಿಂದ ಫೋನ್ ಮಾಡುತ್ತಿದ್ದಾರೆ.

ನಾನು ಆಡಿದ್ದನ್ನೇ ಮತ್ತೆ ಹೇಳಿದೆ, ಈ ಸಲ ನನ್ನ ದನಿಯಲ್ಲಿ. ಆಕೆ ಒಳಗಿನ ಮೆಟ್ಟಿಲಿಳಿದು ಅಂಗಡಿಗೆ ಬಂದದ್ದು ಕೇಳಿಸಿತು. ಪಾತ್ರೆಗಳು ಉರುಳಿದವು. ಆಮೇಲೆ, “ಸಿಕ್ತು ಕಣಪ್ಪೋ!”

ಆಕೆಗೆ ಓದು ಬಾರದು, ಕ್ವಾರಂಟೈನ್ ಆದ ಮನೆಯಿಂದ ಹೊರಗೆ ಬರುವಂತೆಯೂ ಇರಲಿಲ್ಲ. ಮತ್ತೆ ಮೇಲೆ ಹೋಗಿ ಕಿಟಕಿಯಿಂದ ಚೀಟಿ ಬಿಡಿಸಿ ಹಿಡಿದರು. ಜೂಮ್ ಮಾಡಿ ತೆಗೆದೆ, ಕ್ಯಾಮೆರಾದ ಪರದೆಯನ್ನು ಮೊಬೈಲಿನಲ್ಲಿ ಹಿಡಿದು, ಆಕೆ ಕೊಟ್ಟ ನಂಬರಿಗೆ, ಆಸ್ಪತ್ರೆಯ ನರ್ಸಿಗೆ ಕಳಿಸಿದೆ. ‘ಸದ್ಯ, ಇದನ್ನೇ ಕೊಡೋರಿದ್ರು’ ಎಂದು ಉತ್ತರ ಬಂತು. ಆ ಫೋಟೋ ಕೊಂಚ ಮಸುಕಾಗಿದೆ. ಯಾರದೂ ದನಿ ತೆಗೆಯದೆ ನಾನು ಬಟನ್ ಒತ್ತಿದ್ದು ಅದೊಂದೇ ಸಲ.

ಅವರು ಚೀಟಿ ಇಡುವುದನ್ನು ಟೀ ಕುಡಿಯುವಾಗ ಯಾವತ್ತೋ ನೋಡಿರಬೇಕು ಬಿಡು ಎಂದುಕೊಂಡೆ. ಆದರೆ ಚೀಟಿ ಬರೆದದ್ದೇ ಅಂಗಡಿ ಮುಚ್ಚಿದ ಮೇಲೆ. ನಾನು ಆ ಕಡೆ ಹೋಗಿ ಒಂದು ತಿಂಗಳಾಗಿತ್ತು. ಅವರಿಗೆ ಹುಷಾರಿಲ್ಲವೆಂಬುದೂ ನನಗೆ ಗೊತ್ತಿರಲಿಲ್ಲ.

ನಂಜುಂಡಪ್ಪನವರು ವಾಸಿಯಾಗಿ ಬಂದರು. ಅಂಗಡಿ ತೆರೆದ ವಾರ ನಾನೇ ಹೋಗಿ ಎಲ್ಲ ಹೇಳಿದೆ. ಅವರು ನಗಲಿಲ್ಲ.

“ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕ್ಬುಟ್ಟಿದ್ರು ಕಣ್ಲಾ. ರೇಡಿಯೋ ಹಿಂದೆ, ರೇಡಿಯೋ ಹಿಂದೆ ಅಂತ ಎರಡು ದಿನ ಬಡ್ಕೊಂಡೆ. ಆ ನರ್ಸಮ್ಮ ಪಾಪ, ಮುದುಕನ್ಗೆ ಹಾಡು ಬೇಕೇನೋ ಅಂತ ಮೊಬೈಲಲ್ಲಿ ಹಾಡು ಹಾಕೋಳು.”

ನನ್ನ ಮುಂದೆ ಟೀ ಲೋಟ ಇಟ್ಟರು. “ಎಲ್ಲಿ, ನನ್ ಥರ ಒಂದ್ಸಲ ಮಾತಾಡು, ನೋಡಣ.”

ಬಾಯಿ ತೆರೆದೆ. ಏನು ಬಂದುಬಿಡುತ್ತದೋ ಎಂದು ಹೆದರಿ ಮುಚ್ಚಿಕೊಂಡೆ.